ಪಡಸಾಲೆಯ ಟೊಳ್ಳು ಕಲ್ಲು

ಕೊಪ್ಪಳದ ಅಂಚೆ ಕಚೇರಿಯ ಕೌಂಟರಿನಲ್ಲಿ ಕುಳಿತು ಬೇರೆಯವರ ವಿಳಾಸ ಓದುವುದೇ ನನ್ನ ನೌಕರಿ. 'ಹಿಟ್ಟಿನ ಗಿರಣಿ ಹಿಂದೆ', 'ಬೇವಿನ ಗಿಡದ ಎದುರು, ಹಸಿರು ಬಾಗಿಲು' ಎಂದು ಲಕೋಟೆಯ ಮೇಲೆ ಬರೆದದ್ದನ್ನು ಓದಿದರೆ ಆ ಮನೆಯ ಒಳಗೆ ಯಾರು ಕುಳಿತಿರಬಹುದು, ಏನು ಬೇಯುತ್ತಿರಬಹುದು ಎಂದು ಯೋಚಿಸುವುದು ನನ್ನ ಚಟ. ನಮ್ಮ ಸ್ವಂತ ವಿಳಾಸ ಮಾತ್ರ ಮದುವೆಯಾದ ಮೇಲೆ ಮೂರು ಸಲ ಬದಲಾಗಿತ್ತು. ಮೂರೂ ಬಾಡಿಗೆ ಮನೆ. ಮೂರನೆಯದು ಎರಡನೇ ಅಂತಸ್ತಿನಲ್ಲಿತ್ತು. ಆ ಮನೆಯ ಮಾಲೀಕರು ಮಗನ ಮದುವೆ ಗೊತ್ತಾಗಿದೆ, ದೀಪಾವಳಿಯೊಳಗೆ ಬಿಟ್ಟುಕೊಡಿ ಎಂದು ಹೇಳಿದಾಗ ನನ್ನ ಯಜಮಾನರು ಮೊದಲ ಸಲ "ಇನ್ನ ಬಾಡಿಗಿ ಸಾಕು" ಎಂದರು.

ಅವರಿಗೆ ಟ್ರ್ಯಾಕ್ಟರಿನ ಬಿಡಿಭಾಗ ಮಾರುವ ಅಂಗಡಿ. ಯಾವುದನ್ನೂ ಒಮ್ಮೆ ನೋಡಿ, ಬೆಲೆ ಕೇಳಿ, ಹೌದು ಅಥವಾ ಇಲ್ಲ ಎನ್ನುವ ಸ್ವಭಾವ. ನಮ್ಮ ಅತ್ತೆಯದು ಅದರ ತಿರುಗುಮುರುಗು. ಅವರು ಅಳವಂಡಿ ಕಡೆಯ ಒಕ್ಕಲುತನದ ಮನೆಯವರು. ಎತ್ತು ಕೊಳ್ಳಲು ಹೋದರೆ ಹಲ್ಲು ನೋಡಿ, ಗೊರಸು ಎತ್ತಿ ನೋಡಿ, ನಡೆಸಿ ನೋಡಿ, ಕೊನೆಗೆ ಬೇಡವೆಂದು ಬರುವವರು. ಮನೆ ಹುಡುಕಾಟ ಶುರುವಾದ ದಿನವೇ ಅವರು ಮಗನಿಗೆ ಕಟ್ಟಪ್ಪಣೆ ಮಾಡಿದರು: "ಹೊಲಾನ ಮೂರ ಹೊತ್ತು ನೋಡಬೇಕು, ಮನಿನೂ ಮೂರ ಹೊತ್ತು ನೋಡಬೇಕು. ಒಂದ ಹೊತ್ತು ನೋಡಿ ಸಂಚಕಾರದ ಮುಂಗಡ ರೊಕ್ಕ ಕೊಟ್ಟಿ ಅಂದ್ರ ನಾ ಊರಿಗೆ ಹೋಗಾಕಿ."

ದಲಾಲಿ ಒಬ್ಬ ಸಿಕ್ಕ. ಬೈಕಿನ ಹ್ಯಾಂಡಲ್ಲಿಗೆ ಬೀಗದ ಕೈಗಳ ಗೊಂಚಲು ನೇತುಹಾಕಿಕೊಂಡು ಪ್ರತಿ ರವಿವಾರ ಬರುತ್ತಿದ್ದ. ಊರ ಹೊರಗಿನ ಒಂದು ಹೊಸ ಬಡಾವಣೆಗೆ ಕರೆದೊಯ್ದು ಜಾಲಿಕಂಟಿಗಳ ಕಡೆ ಕೈ ಮಾಡಿ, "ಇಲ್ಲಿ ಪಾರ್ಕ್ ಬರತೈತ್ರಿ, ಅಲ್ಲಿ ಸಾಲಿ" ಎಂದ. ಅಲ್ಲಿ ಇದ್ದದ್ದು ನಂಬರ್ ಬರೆದ ಕಲ್ಲುಗಳು ಮತ್ತು ತಂತಿಯಿಲ್ಲದ ಕಂಬಗಳು ಮಾತ್ರ. ಇನ್ನೊಂದು ಮನೆಯಲ್ಲಿ ಮೆಟ್ಟಿಲುಗಳು ಮೇಲೇರಿ ಆಕಾಶದಲ್ಲಿ ಮುಗಿಯುತ್ತಿದ್ದವು. ಕಟ್ಟಬೇಕೆಂದಿದ್ದ ಅಂತಸ್ತು ಕಟ್ಟಿರಲೇ ಇಲ್ಲ. ಮತ್ತೊಂದರಲ್ಲಿ ಅಡುಗೆಮನೆಯ ಗೋಡೆ ತುಂಬ ಪೆನ್ಸಿಲ್ಲಿನಲ್ಲಿ ಮಗುವಿನ ಎತ್ತರದ ಗೆರೆಗಳಿದ್ದವು. ಒಂದು ಕಡೆ ಗೆರೆ ಥಟ್ಟನೆ ನಿಂತಿತ್ತು. ಏಕೆ ನಿಂತಿತು ಎಂದು ನಾನು ಕೇಳಿದೆ. "ಹಾಸ್ಟೆಲ್ಲಿಗೆ ಹಾಕಿದ್ವಿರಿ" ಎಂದರು ಆ ಮನೆಯಾಕೆ. ಹೊರಗೆ ಬಂದ ಮೇಲೆ ಯಜಮಾನರು ರೇಗಿದರು.

"ನೀ ಮನಿ ನೋಡಾಕ ಬಂದೀಯೋ, ಮಂದೀನ ನೋಡಾಕ ಬಂದೀಯೋ?"

"ಎರಡೂ" ಎಂದೆ. ಅದು ಖರೆಯಾಗಿತ್ತು.

ಭಾಗ್ಯನಗರದ ಆ ಮನೆಯನ್ನು ದಲಾಲಿ ಕೊನೆಗೆ ತೋರಿಸಿದ, ಅದೂ ಒಲ್ಲದ ಮನಸ್ಸಿನಿಂದ. ಆ ಮನೆಯ ಮಾಲೀಕಳು ವಿಚಿತ್ರದ ಹೆಣ್ಣುಮಗಳು, ಇಬ್ಬರು ಗಿರಾಕಿಗಳನ್ನು ವಾಪಸ್ಸು ಕಳಿಸಿದ್ದಾಳೆ ಎಂದು ದಾರಿಯಲ್ಲೇ ಹೇಳಿದ. ಭಾಗ್ಯನಗರ ಕೊಪ್ಪಳಕ್ಕೆ ಅಂಟಿಕೊಂಡೇ ಇದೆ. ಆದರೂ ರೈಲ್ವೆ ಹಳಿ ದಾಟಿದ ಕೂಡಲೇ ಬೇರೆ ಸದ್ದು ಕೇಳತೊಡಗುತ್ತದೆ. ಯಾವುದೋ ಮನೆಯಿಂದ ಮಗ್ಗದ ಖಟಖಟ, ಇನ್ನಾವುದೋ ಶೆಡ್ಡಿನಿಂದ ಹೆಂಗಸರ ನಗು. ಕೂದಲಿನ ಕೆಲಸ ಮಾಡುವ ಅಂಗಳಗಳಲ್ಲಿ ತೊಳೆದ ಕೂದಲನ್ನು ಹಗ್ಗದ ಮೇಲೆ ಒಣಹಾಕಿರುತ್ತಾರೆ. ದೂರದಿಂದ ನೋಡಿದರೆ ಕಪ್ಪು ನೂಲಿನ ಲಡಿಗಳಂತೆ ಕಾಣುತ್ತವೆ.

ಆ ಓಣಿಯ ನಾಲ್ಕನೇ ಮನೆ. ತಗ್ಗಾದ ಬಾಗಿಲು, ಎರಡೂ ಬದಿಗೆ ಕಟ್ಟೆ. ಕಟ್ಟೆಯ ಮೇಲೆ ಅರವತ್ತು ದಾಟಿದ ಒಬ್ಬರು ಮಡಿಲಲ್ಲಿ ಕೂದಲಿನ ಗಂಟು ಇಟ್ಟುಕೊಂಡು, ದಬ್ಬಣದಿಂದ ಎಳೆಎಳೆಯಾಗಿ ಬಿಡಿಸುತ್ತಿದ್ದರು. ಅವರೇ ಮಾಲೀಕರು. ನಮ್ಮನ್ನು ನೋಡಿ ಏಳಲಿಲ್ಲ. "ಒಳಗ ಹೋಗಿ ನೋಡ್ರಿ. ನಾ ಈ ಗಂಟ ಬಿಡಿಸಿ ಬರ್ತೀನಿ" ಎಂದರು.

ಒಳಗೆ ಉದ್ದನೆಯ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಬದಿಗೆ ಎರಡು ಕೋಣೆ, ಹಿತ್ತಲಲ್ಲಿ ಬಚ್ಚಲು ಮತ್ತು ಒಂದು ನುಗ್ಗೆ ಗಿಡ. ನೆಲಕ್ಕೆ ಹಳೆಯ ಹಾಸುಗಲ್ಲು, ಬಳಸಿ ಬಳಸಿ ನುಣುಪಾದದ್ದು. ಅತ್ತೆ ಚಪ್ಪಲಿ ಬಿಟ್ಟು ಹಿಮ್ಮಡಿ ಒತ್ತಿ ಒತ್ತಿ ನಡೆದರು. ಗೋಡೆಗೆ ಬೆರಳು ಮಡಚಿ ಬಡಿದರು. ಪಡಸಾಲೆಯ ಬಲಬದಿಗೆ ಕಿಟಕಿಯ ಹತ್ತಿರ ಬಂದಾಗ ಕಲ್ಲಿನ ಸದ್ದು ಬದಲಾಯಿತು. ಅತ್ತೆ ನಿಂತರು. ಇನ್ನೊಮ್ಮೆ ಹಿಮ್ಮಡಿ ಬಡಿದರು. ಖಾಲಿ ಕೊಡದ ಸದ್ದು.

"ಇಲ್ಲಿ ಟೊಳ್ಳ ಐತಿ ನೋಡ್ರಿ" ಎಂದರು ಅತ್ತೆ.

ಮಾತು ಮುಗಿಯುವಷ್ಟರಲ್ಲಿ ಕಟ್ಟೆಯ ಮೇಲಿದ್ದವರು ಒಳಗೆ ಬಂದಿದ್ದರು. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಎಳೆದು, ಸರಿಯಾಗಿ ಆ ಕಲ್ಲಿನ ಮೇಲೆ ಇಟ್ಟು, ಅದರ ಮೇಲೆ ಕುಳಿತುಬಿಟ್ಟರು. "ಹಳೇ ಮನಿ ಯಕ್ಕಾ. ಸಪ್ಪಳಾ ಬರತಾವ. ಚಾ ಕುಡೀತೀರೇನ್ರಿ?"

ಚಹಾ ಕುಡಿದು ಹೊರಗೆ ಬಂದೆವು. ಓಣಿಯ ತಿರುವಿನಲ್ಲಿ ದಲಾಲಿ ದನಿ ಇಳಿಸಿ, ಅಲ್ಲಿ ನಿಧಿ ಇರಬಹುದು, ಹಳೆಯ ಮನೆಗಳಲ್ಲಿ ಇರುತ್ತದೆ ಎಂದ. ಅತ್ತೆ ಅವನನ್ನು ನಂಬಲಿಲ್ಲ. ಅದು ಹಗೇವು, ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲಮಾಳಿಗೆ ಎಂದರು. ಯಜಮಾನರಿಗೆ ಎರಡೂ ಬೇಡವಾಗಿತ್ತು. "ಏನರ ಇದ್ರ ಪೊಲೀಸರು, ಏನೂ ಇಲ್ದಿದ್ರ ಹಾವು. ನಮಗ್ಯಾಕ ಬೇಕು? ಬ್ಯಾರೆ ನೋಡೋಣು."

ನನಗೆ ಆ ವಾರವೆಲ್ಲ ಬೇರೆ ಏನೂ ತೋಚಲಿಲ್ಲ. ಸ್ಟಾಂಪಿನ ಮೊಹರು ಒತ್ತುವಾಗಲೂ ಆ ಸದ್ದೇ ಕೇಳುತ್ತಿತ್ತು. ಅವರು ಅಷ್ಟು ಚುರುಕಾಗಿ ಬಂದು ಕುರ್ಚಿ ಏಕೆ ಹಾಕಿದರು?

ಎರಡನೇ ಸಲ ಅತ್ತೆ ಮತ್ತು ನಾನು ಇಬ್ಬರೇ ಹೋದೆವು. ಮಧ್ಯಾಹ್ನದ ಹೊತ್ತು ನೋಡಬೇಕಲ್ಲ, ಬಿಸಿಲು ಎಲ್ಲಿ ಬೀಳುತ್ತದೆ ಎಂದು ತಿಳಿಯಬೇಕಲ್ಲ ಎಂಬುದು ನೆಪ. ಕಟ್ಟೆಯ ಮೇಲೆ ನೆರೆಯ ಇನ್ನಿಬ್ಬರು ಹೆಂಗಸರೂ ಕೂದಲು ಬಿಡಿಸುತ್ತಿದ್ದರು. ನಾನು ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಕೊಟ್ಟರು. ಹಳ್ಳಿಗಳಲ್ಲಿ ತಲೆ ಬಾಚಿ ಉಳಿದ ಕೂದಲಿನ ಉಂಡೆಗಳನ್ನು ಪಾತ್ರೆ, ಪಿನ್ನು ಕೊಟ್ಟು ಕೊಂಡು ತರುವವರಿರುತ್ತಾರೆ. ಅದು ಇಲ್ಲಿ ಗೋಣಿಚೀಲಗಳಲ್ಲಿ ಬರುತ್ತದೆ. ಬಿಡಿಸಿ, ತೊಳೆದು, ಉದ್ದದ ಪ್ರಕಾರ ಬೇರೆ ಮಾಡಿ ಕಟ್ಟುತ್ತಾರೆ. ಯಲಬುರ್ಗಾ ಕಡೆಯ ನನ್ನ ತವರಿನಲ್ಲಿ ನನ್ನ ಅವ್ವ ಕೂದಲುಂಡೆಯನ್ನು ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟು ಆ ವ್ಯಾಪಾರಿಯ ದಾರಿ ಕಾಯುತ್ತಿದ್ದದ್ದು ನೆನಪಾಯಿತು. ಅದು ಎಲ್ಲಿಗೆ ಹೋಗುತ್ತದೆ ಎಂದು ನಾನು ಆಗ ಕೇಳಿರಲೇ ಇಲ್ಲ.

"ನಿಮ್ಮವ್ವನ ಕೂದಲಾನೂ ನಾನ ಬಿಡಿಸಿದ್ನೋ ಏನೋ" ಎಂದು ಮನೆಯ ಮಾಲೀಕರು ನಕ್ಕರು. ಅವತ್ತಿನಿಂದ ನಾನು ಅವರನ್ನು ಅವ್ವಾರು ಎಂದು ಕರೆಯತೊಡಗಿದೆ. ಅವರಿಗೆ ನಾನು ತಂಗಿಯಾದೆ.

ಮನೆ ಮಾರುವ ಕಾರಣವನ್ನೂ ಹೇಳಿದರು. ಕುಷ್ಟಗಿಯಲ್ಲಿ ಅವರ ಮಗಳು ಮನೆಯಲ್ಲೇ ರೊಟ್ಟಿ ಬಡಿದು ಮಾರುತ್ತಿದ್ದಳು. ಈಗ ಖಾನಾವಳಿಗಳಿಂದ, ಮದುವೆ ಮನೆಗಳಿಂದ ಬೇಡಿಕೆ ಬಂದು ಜಾಗ ಸಾಲದಾಗಿತ್ತು. ತಾಯಿ ಮಗಳು ಕೂಡಿ ದೊಡ್ಡದಾಗಿ ಮಾಡಬೇಕೆಂದು ನಿಶ್ಚಯಿಸಿದ್ದರು. "ಕೂದಲಾ ಭಾಳ ಆತು. ಇನ್ನ ಸ್ವಲ್ಪ ದಿನಾ ಹಿಟ್ಟಿನಾಗ ಕೈ ಹಾಕ್ತೀನಿ" ಎಂದರು. ಹೊಸ ಕೆಲಸಕ್ಕೆ ಸೇರುವ ಹುಡುಗಿಯ ಉಮೇದು ಆ ಮಾತಿನಲ್ಲಿತ್ತು.

"ಮತ್ತ ಮೊದಲ ಬಂದೋರಿಗೆ ಯಾಕ ಕೊಡಲಿಲ್ರಿ, ಅವ್ವಾರ?" ಎಂದು ಕೇಳಿದೆ.

ಅವರ ದಬ್ಬಣ ಒಂದು ಗಳಿಗೆ ನಿಂತಿತು. "ಪಡಸಾಲ್ಯಾಗ ಟೈಲ್ಸ್ ಹಾಕಸ್ತೀವಿ ಅಂದ್ರು."

"ಟೈಲ್ಸ್ ಹಾಕಿದ್ರ ಏನಾತ್ರಿ?"

ಅವರು ಮಾತು ತಿರುಗಿಸಿ, ನಳದ ನೀರು ಯಾವ ವಾರ ಬರುತ್ತದೆ, ಯಾವ ಅಂಗಡಿಯಲ್ಲಿ ಬೇಳೆ ಛಲೋ ಸಿಗುತ್ತದೆ ಎಂದು ಹೇಳತೊಡಗಿದರು. ವಾಪಸ್ಸು ಬರುವಾಗ ಅತ್ತೆ ಆಟೋದಲ್ಲಿ ಯೋಚಿಸುತ್ತಲೇ ಇದ್ದರು. "ಆಕಿ ಸುಳ್ಳ ಹೇಳಾಕಿ ಅಲ್ಲ. ಹೇಳಾಕ ಆಗವಲ್ತು ಆಕಿಗೆ" ಎಂದರು ಕೊನೆಗೆ.

ಮೂರನೇ ಸಲ ಸಂಜೆ ಹೋದೆವು. ಯಜಮಾನರನ್ನು ಬಲವಂತದಿಂದ ಕರೆದುಕೊಂಡು ಹೋಗಿದ್ದೆವು. ಅವ್ವಾರು ಉತಾರ, ಹಳೆಯ ಖರೀದಿ ಪತ್ರ, ಕರ ಕಟ್ಟಿದ ರಸೀದಿ ಎಲ್ಲವನ್ನೂ ಒಂದು ಬಟ್ಟೆಯ ಚೀಲದಿಂದ ತೆಗೆದು ಮುಂದಿಟ್ಟರು. ಕಾಗದಗಳು ಚೊಕ್ಕವಾಗಿದ್ದವು. ಯಜಮಾನರ ಮುಖ ಸ್ವಲ್ಪ ಸಡಿಲಾಯಿತು. ಆಗ ಅತ್ತೆ, ಯಾರೂ ನಿರೀಕ್ಷಿಸದ ರೀತಿಯಲ್ಲಿ, ಅವ್ವಾರ ಎದುರು ನೆಲದ ಮೇಲೆ ಕುಳಿತು ಹೇಳಿದರು:

"ಯಕ್ಕಾ, ಹೊಲಾ ಮಾರೋರು ಬಾವಿ ಮುಚ್ಚಿಡಂಗಿಲ್ಲ. ಆ ಪರಸಿ ಕಲ್ಲ ಎತ್ತಿ ತೋರಸು. ಏನಿದ್ರೂ ನಾವು ಓಣ್ಯಾಗ ಹೇಳಾಂಗಿಲ್ಲ."

ಅವ್ವಾರು ಅತ್ತೆಯ ಮುಖವನ್ನೇ ನೋಡಿದರು. ಆಮೇಲೆ ಎದ್ದು ಕುರ್ಚಿ ಸರಿಸಿದರು. ಹಿತ್ತಲಿನಿಂದ ಒಂದು ಕಬ್ಬಿಣದ ಹಾರೆ ತಂದು ಯಜಮಾನರ ಕೈಗೆ ಕೊಟ್ಟರು. ಕಲ್ಲು ಸುಲಭವಾಗಿ ಎದ್ದಿತು. ಆಗಾಗ ಎತ್ತುತ್ತಿದ್ದ ಕಲ್ಲು ಅದು ಎಂದು ಅದರ ಅಂಚು ನೋಡಿದರೇ ತಿಳಿಯುತ್ತಿತ್ತು. ನಾವು ಮೂವರೂ ಬಗ್ಗಿ ನೋಡಿದೆವು.

ಒಳಗೆ ಏನೂ ಇರಲಿಲ್ಲ. ಮೊಣಕಾಲು ಮಟ್ಟಕ್ಕೂ ಬಾರದಷ್ಟು ಆಳದ, ಚೌಕಾಕಾರದ ಒಂದು ಗುಂಡಿ. ಕಸವಿಲ್ಲ, ಜೇಡವಿಲ್ಲ. ನಾಲ್ಕೂ ಬದಿಗೆ ಬೆಳ್ಳಗೆ ಸುಣ್ಣ ಬಳಿದಿತ್ತು. ನಿಧಿ ಇದ್ದಿದ್ದರೆ ನನಗೆ ಅಷ್ಟು ಆಶ್ಚರ್ಯವಾಗುತ್ತಿರಲಿಲ್ಲ. ಖಾಲಿ ಗುಂಡಿಗೆ, ಅದೂ ಯಾರೂ ನೋಡದ ಗುಂಡಿಗೆ, ಯಾರಾದರೂ ಸುಣ್ಣ ಹಚ್ಚುತ್ತಾರೆಯೆ?

"ಇದು ಮಗ್ಗದ ತೆಗ್ಗು" ಎಂದರು ಅವ್ವಾರು. "ನೇಯೋರು ಇದರಾಗ ಕಾಲ ಇಳಿಬಿಟ್ಟು ಕುಂದರತಾರ. ಕೆಳಗ ಹಲಗಿ ಇರತಾವ, ಅವನ್ನ ತುಳೀಬೇಕು. ನಾ ನೇಯೋರಾಕಿ ಅಲ್ಲ. ನನಗ ಈ ಮನಿ ಕೊಟ್ಟೋರು ನೇಯೋರು. ಇಪ್ಪತ್ತೆರಡು ವರ್ಷಾತು. ಬೀಗದ ಕೈ ಕೊಡೂ ಮುಂದ ಆ ಯಜಮಾನ ಅಂದ, 'ಯವ್ವಾ, ಎಲ್ಲಾ ನಿಂದ. ಆ ತೆಗ್ಗ ಒಂದ ಮಣ್ಣ ಹಾಕಿ ಮುಚ್ಚಬ್ಯಾಡ.' ನಾ ಆತು ಅಂದೆ."

"ಯಾಕಂತ ಕೇಳಲಿಲ್ರಿ?" ಎಂದೆ ನಾನು.

"ಕೇಳಲಿಲ್ಲ. ಆವತ್ತು ಮನಿ ಸಿಕ್ಕ ಖುಷಿಯೊಳಗ ಇದ್ದೆ. ಆಮ್ಯಾಲ ಅವರು ಗಂಗಾವತಿಗೆ ಹೋಗಿಬಿಟ್ರು. ಮನಿಗೆಲ್ಲ ಸುಣ್ಣ ಹಚ್ಚೂ ಮುಂದ ಇದಕ್ಕೂ ಹಚ್ಚಿದೆ. ಬಿಟ್ರ ಹ್ಯಾಂಗ?"

ಯಜಮಾನರು ಹಾರೆ ಗೋಡೆಗೆ ಆನಿಸಿ ಕೇಳಿದರು: "ಅವ್ವಾರ, ಈ ಮಾತು ಖರೀದಿ ಪತ್ರದಾಗ ಬರದೈತೇನ್ರಿ?"

"ಇಲ್ಲಪಾ. ಬರದಿದ್ರ ನಾ ಚಿಂತಿ ಮಾಡ್ತಿದ್ದಿಲ್ಲ, ಕಾಗದ ನೋಡಿಕೊಂತಿತ್ತು. ಇದು ಬಾಯಿಮಾತು. ಅದಕ್ಕ ನಾನ ನೋಡಿಕೋಬೇಕು."

ನಮ್ಮವರು ಮನಸ್ಸಿನಲ್ಲೇ ಲೆಕ್ಕ ಹಾಕುವುದು ನನಗೆ ಕಾಣುತ್ತಿತ್ತು. ಮನೆ ಅವರಿಗೆ ಹಿಡಿಸಿತ್ತು. ಗುಂಡಿ ಹಿಡಿಸಿರಲಿಲ್ಲ. ಆಗ ನಾನು, ಬಹುಶಃ ನನ್ನ ಕುತೂಹಲದ ಸಲುವಾಗಿಯೇ, ಬಾಯಿ ಹಾಕಿದೆ. ಆ ನೇಕಾರರನ್ನು ಹುಡುಕೋಣ, ಅವರನ್ನೇ ಕೇಳೋಣ, ಅವರು ಮುಚ್ಚಿ ಎಂದರೆ ನಿಮ್ಮ ಮಾತೂ ಮುಗಿಯುತ್ತದೆ, ನಮ್ಮ ಚಿಂತೆಯೂ ಮುಗಿಯುತ್ತದೆ ಎಂದೆ. ಅವ್ವಾರು, "ಗಂಗಾವತಿ ದೊಡ್ಡ ಊರು ತಂಗಿ, ಎಲ್ಲಿ ಹುಡುಕ್ತಿ?" ಎಂದರು.

ಹುಡುಕುವುದು ನನಗೆ ಕಷ್ಟವಾಗಲಿಲ್ಲ. ಭಾಗ್ಯನಗರಕ್ಕೆ ಬಹಳ ವರ್ಷ ಟಪಾಲು ಹಂಚಿ ನಿವೃತ್ತರಾದ ಒಬ್ಬರು ನನಗೆ ಪರಿಚಯ. ಅವರ ಮನೆಗೆ ಹೋಗಿ ಓಣಿ ಮತ್ತು ನಾಲ್ಕನೇ ಮನೆ ಎಂದೆ, ಅಷ್ಟೇ. ಅವರು ಕಣ್ಣು ಮುಚ್ಚಿ ತಲೆದೂಗಿದರು. ಆ ಕುಟುಂಬ ಊರು ಬಿಟ್ಟ ಮೇಲೂ ಒಂದು ವರ್ಷ ಅವರಿಗೆ ಕಾಗದಗಳು ಬರುತ್ತಿದ್ದವು, ನಾನೇ ವಿಳಾಸ ತಿದ್ದಿ ಗಂಗಾವತಿಗೆ ಕಳಿಸುತ್ತಿದ್ದೆ ಎಂದರು. ಆ ನೇಕಾರರ ಹೆಂಡತಿಯ ಅಣ್ಣನ ಬಟ್ಟೆ ಅಂಗಡಿ, ಅದರ ಮಾಳಿಗೆಯ ಮೇಲೆ ಮನೆ. ಓಣಿಯ ಹೆಸರೂ ಅವರಿಗೆ ನೆನಪಿತ್ತು. ತಮ್ಮ ಮೊಮ್ಮಕ್ಕಳ ಹೆಸರು ಮಾತ್ರ ಆಗಾಗ ತಪ್ಪುತ್ತದೆ ಎಂದು ನಕ್ಕರು.

ಮುಂದಿನ ರವಿವಾರ ಅವ್ವಾರೂ ನಾನೂ ಗಂಗಾವತಿ ಬಸ್ಸು ಹತ್ತಿದೆವು. ಅವರು ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದಿದ್ದರು. ಕೊಪ್ಪಳದ ಕೆಂಪು, ಕರಿ ಹೊಲಗಳು ಹಿಂದೆ ಸರಿದು ಕಾಲುವೆ ನೀರಿನ ಗದ್ದೆಗಳು ಬರತೊಡಗಿದಾಗ ಅವರು ಕಿಟಕಿಯಿಂದ ಮುಖ ತೆಗೆಯಲೇ ಇಲ್ಲ. ಅಷ್ಟು ಹತ್ತಿರದ ಗಂಗಾವತಿಗೆ ಅವರು ಹೋಗಿದ್ದು ಒಂದೇ ಸಲವಂತೆ. "ಅವರು ಬ್ಯಾಡ ಅಂದ್ರ?" ಎಂದು ನಾನು ಕೇಳಿದೆ. "ಬ್ಯಾಡ ಅಂದ್ರ ನಿನಗ ಮಾರೂದಿಲ್ಲ. ಇನ್ನೊಬ್ಬರು ಬರೂತನಕಾ ಕಾಯ್ತೀನಿ" ಎಂದರು. ಆ ಮನೆ ನನಗೆ ಎಷ್ಟು ಬೇಕಾಗಿದೆ ಎಂದು ಆಗಲೇ ತಿಳಿದದ್ದು.

ಬಟ್ಟೆ ಅಂಗಡಿ ಇತ್ತು. ಪಕ್ಕದ ಅಂಗಡಿಯವ ಮೊದಲು ತೆಲುಗಿನಲ್ಲಿ, ಆಮೇಲೆ ನಮ್ಮ ಮುಖ ನೋಡಿ ಕನ್ನಡದಲ್ಲಿ ಯಾರು ಬೇಕೆಂದು ಕೇಳಿ, ಮೇಲಿನ ಮನೆ ತೋರಿಸಿದ. ಆ ನೇಕಾರ ಅಜ್ಜ ಎಪ್ಪತ್ತೈದರ ಆಸುಪಾಸಿನವರು, ಕನ್ನಡಕ ಹಣೆಗೇರಿಸಿಕೊಂಡು ಪೇಪರು ಓದುತ್ತಿದ್ದರು. ಅವ್ವಾರನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಗುರುತು ಹತ್ತಿದ ಮೇಲೆ ಬಹಳ ಸಂತೋಷಪಟ್ಟರು. ಹಳೆಯ ಓಣಿಯ ಒಬ್ಬೊಬ್ಬರನ್ನೂ ವಿಚಾರಿಸಿದರು. ಅವ್ವಾರು ಕೊನೆಗೆ ಸೆರಗು ಸರಿಮಾಡಿಕೊಂಡು ಹೇಳಿದರು:

"ಅಣ್ಣಾರ, ನಾ ಮನಿ ಮಾರಾಕ ಹತ್ತೀನಿ. ಇವರ ತಗೊಳ್ಳಾವ್ರು. ನಿಮ್ಮ ಮಾತು ಇವತ್ತಿನ ತನಕಾ ನಡಿಸೀನಿ. ಈಗ ಏನ ಮಾಡ್ಲಿ ಅಂತ ಕೇಳಾಕ ಬಂದೀನಿ."

"ಯಾವ ಮಾತು ಯವ್ವಾ?" ಎಂದರು ಅಜ್ಜ.

"ತೆಗ್ಗಿನ ಮಾತು. ಮುಚ್ಚಬ್ಯಾಡ ಅಂದಿದ್ರೆಲ್ಲ."

ಅಜ್ಜ ಹಣೆಯ ಮೇಲಿನ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಮಗ್ಗದ ತೆಗ್ಗ? ಅದನ್ನ ನಾನ ಮುಚ್ಚಿದ್ನೆಲ್ಲ, ಮನಿ ಬಿಡೂಕಿಂತ ಮೊದಲ! ನಾನ ಮಣ್ಣ ಹಾಕಿ ಕಲ್ಲ ಕುಂದರಿಸೀನಿ. ಮುಚ್ಚಬ್ಯಾಡಂತ ನಾ ಯಾಕ ಹೇಳ್ಲಿ?"

ನಾನು ಅವ್ವಾರ ಕಡೆ ನೋಡಲಾಗದೆ ಬಾಳೆಹಣ್ಣಿನ ಚೀಲ ನೋಡಿದೆ. ಇಪ್ಪತ್ತೆರಡು ವರ್ಷ ಆ ಕಲ್ಲಿನ ಮೇಲೆ ಮಂಚ ಹಾಕಲಿಲ್ಲ, ಕಪಾಟು ಇಡಲಿಲ್ಲ. ಇಬ್ಬರು ಗಿರಾಕಿಗಳನ್ನು ಕಳಕೊಂಡರು. ಹೇಳಿದವರಿಗೆ ಅದು ನೆನಪೇ ಇಲ್ಲ. ಅವ್ವಾರ ಮುಖ ಮೊದಲು ಕೆಂಪಗಾಗಿ, ಆಮೇಲೆ ಖಾಲಿಯಾಯಿತು. "ನಾ ಕೇಳಿದ್ದು ಸುಳ್ಳೇನ್ರಿ ಹಂಗಾರ?" ಎಂದರು, ದನಿ ತೀರ ಸಣ್ಣದಾಗಿ.

ಆಗ ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ಬಂದು ನಿಂತಿದ್ದರು. ಗಿಡ್ಡನೆಯ ಮನುಷ್ಯರು. ಬಾಗಿಲ ಚಿಲಕ ಅವರ ಭುಜದ ಮಟ್ಟಕ್ಕಿತ್ತು.

"ಸುಳ್ಳಲ್ಲ ತಂಗಿ. ಅವರ ಬಾಯಿಲೆ ನಾನ ಹೇಳಿಸಿದ್ದೆ" ಎಂದರು. ಗಂಡನ ಕಡೆ ತಿರುಗಿ, "ನೀವು ಮುಚ್ಚಿದ್ದು ನಿಮ್ಮ ತೆಗ್ಗು. ಎಡಕ ಇದ್ದದ್ದು. ಬಲಕಿನ ಕಿಟಕಿ ಕಡೇದು ನಂದು. ಅದು ಹಂಗ ಇತ್ತು."

ಆ ಮನೆಯಲ್ಲಿ ಎರಡು ಮಗ್ಗಗಳಿದ್ದವು ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಒಂದರಲ್ಲಿ ಹೆಣ್ಣುಮಗಳು ಕುಳಿತು ನೇಯುತ್ತಿದ್ದಳು ಎಂಬುದಂತೂ ಇಲ್ಲವೇ ಇಲ್ಲ.

ಅಜ್ಜಿ ಬಂದು ಅವ್ವಾರ ಪಕ್ಕದಲ್ಲಿ ಕುಳಿತರು. ಮದುವೆಯಾಗಿ ಬಂದಾಗ ತಾನು ಎಳೆಯ ಹುಡುಗಿ, ಮಗ್ಗದಲ್ಲಿ ಕುಳಿತರೆ ಕಾಲು ಹಲಗೆಗೆ ಮುಟ್ಟುತ್ತಿರಲಿಲ್ಲ ಎಂದರು. ಮನೆಯವರೆಲ್ಲ ನಕ್ಕರಂತೆ. ಅಜ್ಜಿಯ ಅತ್ತೆ ಮಾತ್ರ ನಗಲಿಲ್ಲ. ಒಂದು ನೂಲಿನ ಎಳೆ ತೆಗೆದುಕೊಂಡು ಸೊಸೆಯ ಮೊಣಕಾಲಿನಿಂದ ಪಾದದವರೆಗೆ ಅಳೆದು, ತಾನೇ ಮಣ್ಣು ಕಲಸಿ, ಗುಂಡಿಯ ತಳ ಎತ್ತರಿಸಿ ತಟ್ಟಿಕೊಟ್ಟಳಂತೆ.

"ನನ್ನ ಅಳತಿ ತಗೊಂಡು ಯಾರರ ಏನರ ಮಾಡಿಕೊಟ್ಟಿದ್ದು ಅದೊಂದ. ತವರಾಗ ಕುಪ್ಪಸಾನೂ ಅಕ್ಕಂದ ಹಾಕ್ಕೊಂತಿದ್ದೆ. ಮನಿ ಬಿಡೂ ಮುಂದ, ಮುಚ್ಚಬ್ಯಾಡ್ರಿ ಅಂತ ನಾ ಹ್ಯಾಂಗ ಹೇಳ್ಲಿ? ಮನಿ ಮಾರಿದ್ಮ್ಯಾಲ ತೆಗ್ಗಿನ ಮ್ಯಾಲ ಏನ ಆಸಿ ಅಂತಾರ ಮಂದಿ. ಅದಕ್ಕ ಇವರ ಕಡಿಂದ ಹೇಳಿಸಿದೆ. ಇವರು ಮರತ್ರು. ನೀ ಮರೀಲಿಲ್ಲ."

ಅವ್ವಾರು ಕಣ್ಣೊರೆಸಿಕೊಳ್ಳಲಿಲ್ಲ, ಅಳಲೂ ಇಲ್ಲ. "ಯಕ್ಕಾ, ವರ್ಷಾ ವರ್ಷಾ ಸುಣ್ಣ ಹಚ್ಚೀನಿ" ಎಂದಷ್ಟೇ ಹೇಳಿದರು. ಅಜ್ಜಿ ಅವರ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ತುಂಬ ಹೊತ್ತು ಬಿಡಲಿಲ್ಲ. ಊಟ ಮಾಡದೆ ನಮ್ಮನ್ನು ಕಳಿಸಲೂ ಇಲ್ಲ. ಹೊರಡುವಾಗ ನಾನು ಕೇಳಬೇಕಾದ್ದನ್ನು ಕೇಳಿದೆ: ಮುಚ್ಚುವುದೋ, ಬಿಡುವುದೋ? ಅಜ್ಜಿ ಯೋಚಿಸಿ, "ಒಮ್ಮೆ ಬಂದು ನೋಡ್ತೀನಿ. ಆಮ್ಯಾಲ ಹೇಳ್ತೀನಿ" ಎಂದರು.

ಅವರು ಬಂದದ್ದು ಹತ್ತು ದಿನದ ಮೇಲೆ, ಗಂಡನ ಜೊತೆ. ನಾವೂ ಹೋಗಿದ್ದೆವು. ಯಜಮಾನರು ಅಂಗಡಿ ಮುಚ್ಚಿ ಬಂದಿದ್ದರು. ಈ ವ್ಯವಹಾರ ಬೇಗ ಮುಗಿಯಲಿ ಎಂದು ಬಂದಿದ್ದೇನೆ ಎಂದು ಅವರು ಹೇಳಿದರೂ, ಅವರಿಗೂ ನೋಡುವ ಆಸೆ ಇತ್ತು ಎಂದು ನನಗೆ ಗೊತ್ತು. ಕಲ್ಲು ಎತ್ತಿದರು. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಚಿಗೆ ಕೈ ಊರಿ, ಕಾಲು ಇಳಿಬಿಟ್ಟು ಕುಳಿತರು. ಪಾದಗಳು ಸರಿಯಾಗಿ ತಳಕ್ಕೆ ಹೋಗಿ ಮುಟ್ಟಿದವು. ಅವರು ಯಾರ ಕಡೆಗೂ ನೋಡದೆ, ಇಲ್ಲದ ಹಲಗೆಗಳನ್ನು ಒಂದಾದ ಮೇಲೊಂದು ತುಳಿದರು. ಕೈಗಳು ತಾವೇ ಎದ್ದು ಇಲ್ಲದ ಲಾಳಿಯನ್ನು ಎಡಕ್ಕೂ ಬಲಕ್ಕೂ ಓಡಿಸಿದವು. ಅಜ್ಜ ಎಡಬದಿಯಲ್ಲಿ, ತಮ್ಮ ಮುಚ್ಚಿದ ಗುಂಡಿಯ ಮೇಲೆ ನಿಂತು ನೋಡುತ್ತಿದ್ದರು. "ನಿನ್ನ ಸೀರಿ ಅಂಚು ನನಗಿಂತ ಛಲೋ ಬರತಿತ್ತು" ಎಂದರು ಮೆಲ್ಲಗೆ. ಅಜ್ಜಿ, "ಇದನ್ನ ಆವಾಗ ಹೇಳಿದ್ರ ಏನಾಗತಿತ್ತು?" ಎಂದರು.

ಆಮೇಲೆ ನಮ್ಮ ಅತ್ತೆಯೂ ಕುಳಿತು ನೋಡಿದರು. ಅವರು ಉದ್ದನೆಯವರು. ಮೊಣಕಾಲು ಎದೆಯ ಹತ್ತಿರ ಬಂದದ್ದು ನೋಡಿ ಎಲ್ಲರೂ ನಕ್ಕೆವು. ನನಗೂ ಅದು ಹೊಂದಲಿಲ್ಲ. ಯಾರಿಗೂ ಹೊಂದಲಿಲ್ಲ.

ಅಜ್ಜಿ ಎದ್ದು ಸೀರೆ ಕೊಡವಿಕೊಂಡು, "ಇನ್ನ ಮುಚ್ರಿ. ಮನಿಗೆ ಬಂದೋರು ಯಾರರ ಎಡವಿ ಬಿದ್ದಾರು" ಎಂದರು.

ಅವ್ವಾರಿಗೆ ಅದು ಸೇರಲಿಲ್ಲ. "ಇಪ್ಪತ್ತೆರಡು ವರ್ಷ ನಾ ಕಾಯ್ದೀನಿ, ನೀ ಒಂದ ಗಳಿಗಿ ಕುಂತು ಮುಚ್ಚು ಅಂತೀಯಲ್ಲ ಯಕ್ಕಾ!" ಎಂದು ಜಗಳಕ್ಕೇ ನಿಂತರು. ಇಬ್ಬರೂ ಒಬ್ಬರಿಗೊಬ್ಬರು ಏರುದನಿಯಲ್ಲಿ ಮಾತಾಡಿದರು. ಒಬ್ಬರು ಮುಚ್ಚಲೇಬೇಕು ಎಂದರೆ ಇನ್ನೊಬ್ಬರು ಮುಚ್ಚಕೂಡದು ಎಂದರು. ನಮ್ಮವರು ನಡುವೆ ಬಂದು, "ಅವ್ವಾರ, ಇನ್ನ ಮ್ಯಾಲ ಮನಿ ನಮ್ಮದು. ಏನ ಮಾಡಬೇಕಂತ ನಾವ ಯೋಚನಿ ಮಾಡ್ತೀವಿ. ಬಿಡ್ರಿ ಇಬ್ಬರೂ" ಎಂದರು. ಮನೆ ನಮ್ಮದು ಎಂದು ಅವರ ಬಾಯಿಂದ ಬಂದದ್ದು ಅದೇ ಮೊದಲು. ಮರುದಿನವೇ ಸಂಚಕಾರ ಕೊಟ್ಟೆವು.

ನೋಂದಣಿಯ ದಿನ ಕಚೇರಿಯಲ್ಲಿ ಬಹಳ ಹೊತ್ತು ಕಾಯಬೇಕಾಯಿತು. ಅವ್ವಾರು ಬೆಂಚಿನ ಮೇಲೆ ಕುಳಿತು ತಮ್ಮ ಸಹಿಯನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ಬರೆದು ರೂಢಿ ಮಾಡಿಕೊಳ್ಳುತ್ತಿದ್ದರು. ಸಹಿ ಮಾಡಿ ಹೊರಗೆ ಬಂದ ಮೇಲೆ ಬೀಗದ ಕೈ ನನ್ನ ಕೈಗಿಟ್ಟರು. ನಾನು ಕಾದೆ. ಏನಾದರೂ ಮಾತು ಕೇಳುತ್ತಾರೇನೋ ಎಂದು ಎದುರು ನಿಂತೇ ಇದ್ದೆ. ಅವರು ನನ್ನ ಮನಸ್ಸು ಓದಿದವರಂತೆ, "ನಾ ಏನೂ ಹೇಳಾಂಗಿಲ್ಲವಾ. ಹೇಳಿದ್ರ ನೀ ಸಾಯೂತನಕಾ ಅದನ್ನ ಹೊತಗೊಂಡ ಕುಂದರತಿ. ನಿನ್ನ ನೋಡಿದ್ರ ಗೊತ್ತಾಗತೈತಿ" ಎಂದರು.

ಗುಂಡಿ ಮುಚ್ಚಲಿಲ್ಲ. ಹಾಗೆಂದು ನಾವು ದೊಡ್ಡ ನಿರ್ಧಾರವನ್ನೇನೂ ಮಾಡಲಿಲ್ಲ. ಮನೆ ಸೇರಿದ ಮೊದಲ ಬೇಸಿಗೆಯಲ್ಲಿ ಕಲ್ಲು ಭಾರವೆಂದು ಯಜಮಾನರು ಅದರ ಬದಲು ಎರಡು ಪಾಲಿನ ಕಟ್ಟಿಗೆಯ ಮುಚ್ಚಳ ಮಾಡಿಸಿದರು. ಅತ್ತೆಗೆ ಚಕ್ಕಳಮಕ್ಕಳ ಹಾಕಿ ಕೂರಲು ಆಗುವುದಿಲ್ಲ. ಕುರ್ಚಿಯಲ್ಲಿ ಕುಳಿತರೆ ಮೊರ ನಿಲ್ಲುವುದಿಲ್ಲ. ಒಂದು ದಿನ ಮುಚ್ಚಳ ತೆಗೆದು, ಅಂಚಿಗೆ ಎರಡು ದಿಂಬು ಏರಿಸಿ, ಅದರ ಮೇಲೆ ಕುಳಿತು ಕಾಲು ಇಳಿಬಿಟ್ಟುಕೊಂಡು ಜೋಳ ಹಸನು ಮಾಡತೊಡಗಿದರು. ದಿಂಬಿನ ಎತ್ತರದಿಂದ ಅವರ ಉದ್ದನೆಯ ಕಾಲಿಗೂ ಜಾಗ ಸಿಕ್ಕಿತ್ತು. ಕೆಳಗೆ ತಂಪಿರುತ್ತದಂತೆ. ಅಲ್ಲಿಂದ ಓಣಿಯಲ್ಲಿ ಹೋಗುವವರೆಲ್ಲ ಕಾಣುತ್ತಾರೆ. ಅಳವಂಡಿಗೆ ಹೋಗುತ್ತೇನೆ ಎನ್ನುವ ಮಾತು ಈಗ ಅವರ ಬಾಯಲ್ಲಿ ಕಡಿಮೆಯಾಗಿದೆ.

ಕಳೆದ ತಿಂಗಳು ನಾನು ಕುಷ್ಟಗಿಗೆ ಹೋಗಿದ್ದೆ. ಅವ್ವಾರ ರೊಟ್ಟಿ ಮನೆ ಬಸ್ ನಿಲ್ದಾಣದಿಂದ ದೂರವಿಲ್ಲ. ಆರು ಒಲೆ, ಎಂಟು ಹೆಂಗಸರು. ಒಳಗೆ ಕಾಲಿಟ್ಟರೆ ರೊಟ್ಟಿ ಬಡಿಯುವ ಸದ್ದಿಗೆ ಮಾತೇ ಕೇಳಿಸುವುದಿಲ್ಲ. ಅವ್ವಾರ ಮುಖದ ಮೇಲೆ ಹಿಟ್ಟು ಕುಳಿತಿತ್ತು. ನನ್ನನ್ನು ನೋಡಿದವರೇ ಕೈ ಹಿಡಿದು ಮನೆ ತೋರಿಸಲು ಎಳೆದುಕೊಂಡು ಹೋದರು. ಹಿಟ್ಟಿನ ಕೋಣೆ, ಕಟ್ಟಿಗೆ ಒಟ್ಟಿದ ಹಿತ್ತಲು, ರೊಟ್ಟಿ ಒಣಗಿಸುವ ಬಿದಿರಿನ ತಟ್ಟಿಗಳು, ಮಗಳ ಕೋಣೆ, ತಮ್ಮ ಮಂಚ. ನಾನು ಎಲ್ಲವನ್ನೂ ಕೇಳಿದೆ, ಎಲ್ಲದಕ್ಕೂ ಅವರು ಉತ್ತರ ಕೊಟ್ಟರು. ಗಂಗಾವತಿಯ ಅಜ್ಜಿ ಎರಡು ಸಲ ಬಂದು ಹೋದರಂತೆ. ಬಂದಾಗಲೆಲ್ಲ ಇಬ್ಬರಿಗೂ ಯಾವುದಾದರೂ ಒಂದಕ್ಕೆ ಜಗಳವಾಗುತ್ತದಂತೆ.

"ನೋಡಿದ್ದು ಸಾಕು, ಕುಂದರು. ಬಿಸಿ ರೊಟ್ಟಿ, ಬೆಣ್ಣಿ ತಿನ್ನು" ಎಂದು ಒಲೆಯ ಹತ್ತಿರ ನನಗೆ ಮಣೆ ಹಾಕಿದರು. ಮೊದಲ ರೊಟ್ಟಿ ನನ್ನ ತಾಟಿಗೆ ಬಿತ್ತು. ಎರಡನೆಯದನ್ನು ಅವರು ಬಡಿಯುತ್ತಿದ್ದಾಗ ಮಗಳು ಒಳಗಿನಿಂದ, ಹೆಚ್ಚಿನ ಬೇಡಿಕೆ ಬಂದಿದೆ, ಬೇಗ ಬಾ ಎಂದು ಕೂಗಿದಳು. ಅವ್ವಾರು ನನ್ನ ಕಡೆ ತಿರುಗಿ, "ನಿನಗ ರೊಟ್ಟಿ ಬಡಿಯಾಕ ಬರತೈತೇನ?" ಎಂದು ಕೇಳಿದರು. ಬರುತ್ತದೆ ಎಂದೆ. ನಾನು ತಾಟು ಪಕ್ಕಕ್ಕಿಟ್ಟು ಕೈ ತೊಳೆದುಕೊಂಡೆ.